ಹಿಂಬದಿ ಕುಸಿದ ಗಾಡಿ

ಜಮಖಂಡಿ,
೧೯ ಫೆಬ್ರುವರಿ ೨೦೧೪

ಪ್ರೀತಿಯ ತಮ್ಮ ದುಂಡೇಶನಿಗೆ,

ಕೂಡಿದ ದೈವಕ್ಕೆ ಶರಣು! ಎದುರಿಗೆ ಕೂಡಿದ ಜನರಿಲ್ಲದೆ ನೀನೊಬ್ಬನೇ ಇದ್ದರೂ ನನ್ನ ಬಾಯಿ ಹೀಗೇ ಶುರುವಾಗುತ್ತದೆ. ಮೂವತ್ತು ವರ್ಷ ನಾಟಕದ ಅಟ್ಟದ ಮೇಲೆ ರಾಜನಾಗಿ ಗರ್ಜಿಸಿದವನಿಗೆ ಮೆಲ್ಲಗೆ ಮಾತಾಡುವುದನ್ನು ಯಾರೂ ಕಲಿಸಲಿಲ್ಲ. ಇಚಲಕರಂಜಿಯಲ್ಲಿ ಆರಾಮಿದ್ದೀಯಾ? ಬೆನ್ನುನೋವು ಹೇಗಿದೆ? ಗ್ಯಾರೇಜಿನ ನೆಲದ ಮೇಲೆ ಅಂಗಾತ ಮಲಗುವಾಗ ಕೆಳಗೊಂದು ಗೋಣಿಚೀಲ ಹಾಸಿಕೋ. ನಿನ್ನ ಹೆಂಡತಿ ಮಾಲಾ ಇಲ್ಲಿ ಗಟ್ಟಿಯಾಗಿದ್ದಾಳೆ. ಹೊತ್ತಿಗೆ ಸರಿಯಾಗಿ ನನಗೆ ರೊಟ್ಟಿ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಅವ್ವ ಹೋಗಿ ಇಂದಿಗೆ ನಲವತ್ತು ದಿನ. ಆ ಹಳೆಯ ಕಾರನ್ನು ನೀನು ಪುಣೆಯಿಂದ ತಂದದ್ದೇ ಅವಳ ಸಲುವಾಗಿ. ಸೊಂಟದ ಎಲುಬು ಮುರಿದ ಮುದುಕಿಗೆ ಒಂದು ಕುಲುಕೂ ತಾಗಬಾರದೆಂದು, ಹಿಂದಿನ ಗಾಲಿಗಳ ಮೇಲೆ ರಬ್ಬರಿನ ಗಾಳಿಚೀಲಗಳಿರುವ ಗಾಡಿಯನ್ನೇ ಹುಡುಕಿದ್ದೆ. ಹಳೆಯ ಚೀಲ ಸೀಳಿವೆಯೆಂದು ಹೊಸವನ್ನು ನಿನ್ನ ಕೈಯಾರೆ ಕೂಡಿಸಿದೆ. ಮಿರಜಿನ ಆಪರೇಶನ್ನಿಗೆ ಹೊರಟ ದಿನ, ರಬಕವಿ ದಾಟಿ ತೇರದಾಳ ಮುಟ್ಟುವ ಮೊದಲೇ ಹಿಂಬದಿ ಉಸ್ಸೆಂದು ಕುಸಿದು ಗಾಲಿಗೆ ಉಜ್ಜಿತು. ಅವ್ವನನ್ನು ದಾರಿಯಲ್ಲಿ ಸಿಕ್ಕ ಟಂಟಂ ರಿಕ್ಷಾಕ್ಕೆ ಏರಿಸಿದೆವು. ತಗ್ಗು ಬಂದಾಗಲೆಲ್ಲ "ಎಪ್ಪಾ, ಸಾವಕಾಶ" ಎನ್ನುತ್ತಿದ್ದಳು. ಕುಡಚಿ ಬರುವ ಹೊತ್ತಿಗೆ ಅದನ್ನೂ ಅನ್ನಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ, ಬೀರಪ್ಪನ ಗುಡಿಯ ಮುಂದೆ, ಓಣಿಯೆಲ್ಲ ಕೇಳುವಂತೆ ನಾನು ಒದರಿದೆ: "ಅವ್ವನ್ನ ಕೊಂದಾಂವ ನೀನ ಲೇ! ನಿನ್ನ ಕೈ ಮುಟ್ಟಿದ್ದಕ್ಕ ಗಾಡಿ ಕುಂತೈತಿ!" ನೀನು ಕೆಲಸದ ಪಾನಾಪೆಟ್ಟಿಗೆಯನ್ನೂ ಎತ್ತಿಕೊಳ್ಳದೆ ಇಚಲಕರಂಜಿಯ ಬಸ್ಸು ಹತ್ತಿದೆ. ಅಂದಿನಿಂದ ನಿನ್ನ ಹೆಸರು ಎತ್ತಿದರೆ ಆ ಕೈಗೆ ಗಾಡಿ ಕೊಡಬಾರದೆಂದು ಇಲ್ಲಿ ಜನ ಅನ್ನುತ್ತಾರೆ.

ನಿನ್ನೆ ತೇರದಾಳದ ಮೇಸ್ತ್ರಿ ಪಾಯಪ್ಪನನ್ನು ಕರೆಸಿದೆ. ಖರೆ ಹೇಳುತ್ತೇನೆ, ನಿನ್ನ ತಪ್ಪಿಗೆ ನನಗೊಂದು ಸಾಕ್ಷಿ ಬೇಕಾಗಿತ್ತು. ಅವನು ಎರಡೂ ಚೀಲ ಬಿಚ್ಚಿ, ಗಾಳಿ ಹೊಡೆದು, ನಮ್ಮ ದನದ ಬಾನಿಯ ನೀರಿನಲ್ಲಿ ಮುಳುಗಿಸಿದ. ಗುಳ್ಳೆ ಏಳಲೆಂದು ನಾನು ಬಗ್ಗಿ ನೋಡಿದೆ. "ಒಂದ ಗುಳ್ಳಿ ಏಳವಲ್ದರಿ. ನಿಮ್ಮ ತಮ್ಮನ ಕೆಲಸಾ ಭಾಳ ಛಲೋ ಐತಿ" ಎಂದ. ನಳಿಗೆಗಳಿಗೆ ಸಾಬೂನುನೊರೆ ಸವರಿದ. ಅಲ್ಲಿಯೂ ಸೋರಿಕೆಯಿಲ್ಲ. ಕಡೆಗೆ ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಅದರ ಕೆಳಗಿದ್ದ, ಚೀಲಗಳಿಗೆ ಗಾಳಿ ತುಂಬುವ ಪಂಪು ಬಿಚ್ಚಿದ. ಅದು ಎಳೆದುಕೊಳ್ಳುವ ಗಾಳಿಯನ್ನು ಸೋಸುವ ಜಾಳಿಗೆ ಹರಿದಿತ್ತು. ಗಾಳಿಯನ್ನು ಹಿಡಿದಿಡುವ ವಾಲ್ವು ಮುಚ್ಚಲಾರದೆ ಬಾಯಿ ತೆರೆದುಕೊಂಡಿತ್ತು. ಒಳಗೆಲ್ಲ ಹಳದಿ ಹೆಂಟೆ. ಮೂಗಿಗೆ ಹಿಡಿದು ನೋಡಿ, "ಇದು ತುಕ್ಕಲ್ರಿ ಅಣ್ಣಾರ, ಅರಿಷಿಣ. ದೇವರ ಮ್ಯಾಲ ಹಾರಸೂ ಭಂಡಾರ. ಇದರಾಗ ಸುರದಾವ್ರು ಯಾರ್ರಿ?" ಎಂದ.

ಬಾನಿಯ ನೀರು ನೋಡುತ್ತ, "ನನಗೇನ ಗೊತ್ತಪಾ" ಅಂದೆ.

ಚೀಲದಲ್ಲಿ ತಪ್ಪಿರಲಿಲ್ಲ, ನಿನ್ನ ಕೈಯಲ್ಲಿ ತಪ್ಪಿರಲಿಲ್ಲ. ಇಷ್ಟು ತಿಳಿಸುವುದಕ್ಕೇ ಬರೆದೆ. ಹೊತ್ತಿಗೆ ಉಣ್ಣು. ಬೀರಪ್ಪ ನಿನ್ನನ್ನು ತಂಪಾಗಿಡಲಿ.

ನಿನ್ನ ಅಣ್ಣ,
ಮಹಾಲಿಂಗ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಹರಿದೆ. ದುಂಡೇಶಾ, ಸುರಿದವನು ನಾನೇ. ಗಾಡಿ ಪೂಜೆಯ ದಿನ ನೀನು ಹೇಳಿದ್ದೆ, "ಅಣ್ಣಾ, ಡಿಕ್ಕಿಯೊಳಗ ಏನೂ ಹಾಕಬ್ಯಾಡೋ, ಪಂಪ ಅಲ್ಲೇ ಉಸರ ತಗೋತೈತಿ." ನಾನು ನಕ್ಕಿದ್ದೆ, "ಗಾಡಿಗೂ ಮೂಗ ಐತೇನಲೇ?" ಅಂತ. ದೇವರ ಭಂಡಾರಕ್ಕೆ ಕಾಲು ತಾಗಬಾರದು, ಹಿಂದೆ ಮಲಗುವ ಅವ್ವನ ಬೆನ್ನ ಕೆಳಗೆ ಬೀರಪ್ಪ ಇರಬೇಕು ಎಂದು, ನೀನು ಕಾಯಿ ತರಲು ಹೋದಾಗ ಡಿಕ್ಕಿಯ ತಳದಲ್ಲಿ ಎರಡು ಬೊಗಸೆ ಸುರಿದು ಮೇಲೆ ಸ್ಟೆಪ್ನಿ ಮುಚ್ಚಿದೆ. ಪಾಯಪ್ಪ ಕೆರೆದು ತೆಗೆದ ಹೆಂಟೆಯನ್ನು ಕಾಗದದಲ್ಲಿ ಕಟ್ಟಿಟ್ಟುಕೊಂಡಿದ್ದೇನೆ. ನಾಳೆ ಮುಂಜಾನೆ ಅದೇ ಗುಡಿಯ ಮುಂದೆ ಡೊಳ್ಳು ಬಾರಿಸಿ ಓಣಿಯವರನ್ನೆಲ್ಲ ಕೂಡಿಸುತ್ತೇನೆ, ಮಾಲಾಳನ್ನು ಮುಂದೆ ಕೂಡಿಸುತ್ತೇನೆ, ಆ ಹೆಂಟೆಯನ್ನು ಅಂಗೈಯಲ್ಲಿ ಹಿಡಿದು ತೋರಿಸಿ, ಅವತ್ತು ಒದರಿದಷ್ಟೇ ದೊಡ್ಡ ದನಿಯಲ್ಲಿ ನನ್ನ ಹೆಸರು ಹೇಳುತ್ತೇನೆ.