ನದಿಯಾಚೆಯ ಬ್ರಿಗೇಡ್

ದಡಿಯಾ,

ಈಗ ನನ್ನ ಕೈಕೆಳಗೆ ಹನ್ನೆರಡು ಸಾವಿರ ಜನರಿದ್ದಾರೆ. ನಾನು ಕಾಲಿಟ್ಟರೆ ಕೋಣೆಯ ಮಾತೆಲ್ಲ ನಿಂತುಹೋಗುತ್ತದೆ. ‘ಲೋ’ ಎಂದು ಕರೆಯುವವರು ಯಾರೂ ಉಳಿದಿಲ್ಲ.

ಇವತ್ತು ಮಧ್ಯಾಹ್ನ ನಕ್ಷೆಯ ಮುಂದೆ ನಿಂತಿದ್ದೆ. ನದಿಯಾಚೆ ಹೋರಾಡುತ್ತಿದ್ದ ಬ್ರಿಗೇಡಿನ ಕಮಾಂಡರ್ ವೈರ್‌ಲೆಸ್‌ನಲ್ಲಿ ಕೇಳಿದ: “ಸರ್, ಈಚೆ ದಡಕ್ಕೆ ಬರೋಕೆ ಅನುಮತಿ ಕೊಡಿ.”

ನಕ್ಷೆಯ ಪ್ರಕಾರ ಅವನು ಅಲ್ಲೇ ಇರಬೇಕಿತ್ತು. ‘ಅಲ್ಲೇ ಇರಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂಬತ್ತು ವರ್ಷದ ಹಿಂದೆ ನೀನು ಗುಡ್ಡದ ಮೇಲಿನಿಂದ ಇದನ್ನೇ ಕೇಳಿದಾಗ ನಾನು ಅಂದದ್ದೂ ಅಷ್ಟೇ. ನೀನು ಮಾತು ಮೀರಲಿಲ್ಲ. ಸಂಜೆಗೆ ನಿನ್ನ ಹೆಣ ಹೊತ್ತು ತಂದರು.

ಈ ಸಲ ಕೇಳಿದೆ: “ನಿಮ್ಮ ಕಣ್ಣಿಗೆ ಏನು ಕಾಣ್ತಿದೆ?”

“ಎರಡೂ ಕಡೆಯಿಂದ ಸುತ್ತುವರೀತಿದಾರೆ ಸರ್. ಇನ್ನೊಂದು ಗಂಟೆ ಹೋದ್ರೆ ಸೇತುವೆ ನಮ್ಮ ಕೈಲಿರಲ್ಲ.”

“ಅಲ್ಲಿರೋರು ನೀವು. ನಿಮಗೆ ಸರಿ ಅನ್ನಿಸಿದ್ದು ಮಾಡಿ.”

ಆ ಒಂದು ಗಂಟೆಯೊಳಗೇ ಬ್ರಿಗೇಡಿನ ಮೂರು ಸಾವಿರ ಜನರೂ ಸೇತುವೆ ದಾಟಿದರು. ಕೋಣೆಯಲ್ಲಿ ಚಪ್ಪಾಳೆ ಬಿತ್ತು. “ಎಂಥಾ ನಿರ್ಧಾರ ಸರ್!” ಎಂದು ನನ್ನ ಕರ್ನಲ್ ಕೈಕುಲುಕಿದ. ನಾನು ಮುಖ ತೊಳೆಯುವ ನೆಪ ಹೇಳಿ ಹೊರಗೆ ಬಂದೆ.

ನಿನ್ನ ಹೆಂಡತಿಯ ನಂಬರ್ ಇನ್ನೂ ನನ್ನ ಬಳಿ ಇದೆ. ಏನು ತೋಚಿತೋ, ಫೋನ್ ಮಾಡಿಬಿಟ್ಟೆ.

“ಅಣ್ಣಾ, ನೀವಾ? ಎಷ್ಟು ವರ್ಷ ಆಯ್ತು! ಎಲ್ಲಾ ಕ್ಷೇಮನಾ?”

ಇವತ್ತು ಎಲ್ಲರೂ ವಾಪಸ್ ಬಂದರು ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ?

“ಕ್ಷೇಮ ಕಣಮ್ಮಾ” ಎಂದು ಇಟ್ಟುಬಿಟ್ಟೆ.