ಆರನೆಯ ವಾಕ್ಯ

ಅರಕಲಗೂಡು
೧೫ ಡಿಸೆಂಬರ್ ೨೦೨೪, ಭಾನುವಾರ

ನನ್ನ ಪ್ರೀತಿಯ ಧನ್ಯಾ,

ಈ ಕಾಗದ ತಂದವಳನ್ನು ಬಾಗಿಲಲ್ಲೇ ನಿಲ್ಲಿಸಬೇಡ. ನಿಸರ್ಗ ಎರಡು ಬಸ್ಸು ಬದಲಿಸಿ ನಿಮ್ಮ ಅಜ್ಜಿಯ ಊರು ಹಿರೀಸಾವೆಯವರೆಗೆ ಬಂದಿದ್ದಾಳೆ. ಮೊದಲು ಅವಳಿಗೆ ನೀರು ಕೊಡು, ಆಮೇಲೆ ಓದು.

ಕೈ ಹೇಗಿದೆ? ಪ್ಲಾಸ್ಟರ್ ಬಿಚ್ಚಿದರೆಂದು ನಿಮ್ಮ ಅಜ್ಜಿ ಸುಬ್ಬಮ್ಮನವರು ಫೋನಿನಲ್ಲಿ ಹೇಳಿದರು. ಹೆಬ್ಬೆರಳು ಮಡಚುತ್ತದೆ, ಪಕ್ಕದ ಎರಡು ಬೆರಳು ಮಡಚುವುದಿಲ್ಲವಂತೆ. ‘ಅನ್ನ ಕಲಸಿ ತಿನ್ಸಕ್ಕೆ ನಾನಿವ್ನಿ ಬುಡಿ. ಪರೀಕ್ಷೆ ಬರಿಯಕ್ಕೆ ಯಾರವ್ರೆ?’ ಎಂದು ಕೇಳಿದರು.

ಆಸ್ಪತ್ರೆಯಲ್ಲಿ ನಿನ್ನನ್ನು ನೋಡಲು ಬಂದಾಗ ನೀನು ಕೇಳಿದೆ: ‘ನಿಸರ್ಗ ತಾನೆ, ಮಿಸ್, ಯೋಳ್ಬುಟ್ಟಿದ್ದು? ನಾನ್ ಬರ್ದಿದ್ದ ಅವ್ಳೊಬ್ಳಿಗೇ ತೋರ್ಸಿದ್ದೆ.’ ನಾನು ನಿನ್ನ ಹಣೆ ಸವರಿ ಸುಮ್ಮನಿದ್ದೆ. ಅದನ್ನು ನೀನು ಹೌದೆಂದು ತಿಳಿದುಕೊಂಡೆ. ತಿಳಿದುಕೊಳ್ಳಲಿ ಎಂದೇ ಸುಮ್ಮನಿದ್ದೆ.

ಹೇಳಿದ್ದು ನಿಸರ್ಗ ಅಲ್ಲ. ನಾನು.

ಆ ಶನಿವಾರ ಬೆಳಿಗ್ಗೆ ‘ಗೆಳತಿಗೊಂದು ಪತ್ರ’ ಬರೆದು ತರಲು ಹೇಳಿದ್ದೆನಲ್ಲ, ಮಂಗಳವಾರ ಎಲ್ಲರ ನೋಟ್‌ಬುಕ್ ಬಂದವು. ಮನೆಗೆ ಒಯ್ದೆ, ತಿದ್ದಲಿಲ್ಲ. ಆ ವಾರ ನನ್ನ ಮನಸ್ಸು ಯಾವುದರಲ್ಲೂ ನಿಲ್ಲುತ್ತಿರಲಿಲ್ಲ. ಬುಧವಾರ ನೀನು ಜ್ವರವೆಂದು ಬಂದಿರಲಿಲ್ಲ. ಕಟ್ಟಿನ ಮೇಲಿದ್ದ ನಿನ್ನ ಪುಸ್ತಕ ತೆಗೆದು, ಅಕ್ಷರ ಚೆಂದವಿದೆ ಎಂದು, ಮಾದರಿಗೆ ಓದತೊಡಗಿದೆ.

ನನ್ನ ಪಾಠದ ರೀತಿ ನಿನಗೆ ಗೊತ್ತು. ಇಂಗ್ಲಿಷಿನಲ್ಲಿ ಒಂದು ವಾಕ್ಯ, ಹಿಂದೆಯೇ ಕನ್ನಡದಲ್ಲಿ ಅದರ ಅರ್ಥ. ಇಪ್ಪತ್ತೆರಡು ವರ್ಷದಿಂದ ಪದ್ಯಕ್ಕೂ ಅದೇ, ಗದ್ಯಕ್ಕೂ ಅದೇ. ಬಾಯಿ ಮುಂದೆ ಹೋಗುತ್ತದೆ, ಬುದ್ಧಿ ಆಮೇಲೆ ಬರುತ್ತದೆ. ನೀನು ಬರೆದದ್ದು ಇದು:

ನಮ್ಮ ದೊಡ್ಡಪ್ಪನ ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ನಿಂತು ಜೋಳದ ಮೂಟೆ ಇಳಿಸುತ್ತಿತ್ತು. ಊರಿನ ಚಿಕ್ಕಯ್ಯ ಎಂಬಾತ ಬೈಕಿನಲ್ಲಿ ಬಂದು ಎರಡು ಸಲ ಹಾರನ್ ಹೊಡೆದ. ದೊಡ್ಡಪ್ಪ ‘ಯಾರಿಗ್ಲಾ ಆರನ್ ವಡೀತಿದ್ದೀಯ’ ಎಂದು ಜಾಕಿ ರಾಡು ತೆಗೆದು ಅವನ ಮೊಣಕಾಲಿಗೆ ಹೊಡೆದರು. ಬಿದ್ದ ಮೇಲೂ ಬಿಡದೆ ಮುಖಕ್ಕೆ ಹೊಡೆದರು, ಕಣ್ಣಿದ್ದ ಜಾಗದಲ್ಲಿ ರಕ್ತ ಮಾತ್ರ ಕಾಣುತ್ತಿತ್ತು. ನಾನು ಮಹಡಿಯ ಕಿಟಕಿಯಿಂದ ನೋಡಿದೆ.

ಐದು ವಾಕ್ಯ, ಐದು ಅರ್ಥ. ಮೂರನೆಯದಕ್ಕೇ ನಿಸರ್ಗ ಎದ್ದು ನಿಂತಿದ್ದಳು. ‘ಮಿಸ್, ಸಾಕು ಮಿಸ್’ ಎಂದಳು. ‘ಕೂತ್ಕೋ’ ಎಂದು ಗದರಿದೆ. ನನ್ನ ತರಗತಿ ಅಷ್ಟು ನಿಶ್ಶಬ್ದವಾಗಿ ಎಂದೂ ಕೇಳಿರಲಿಲ್ಲ. ಆ ನಿಶ್ಶಬ್ದದ ರುಚಿಗೆ ಮುಂದೆ ಓದಿದೆ. ಐದನೆಯದು ಮುಗಿದಾಗ ಪುಸ್ತಕ ಮುಚ್ಚಿದೆ. ನಲವತ್ತು ಮಕ್ಕಳಲ್ಲಿ ಯಾರು ಮನೆಗೆ ಹೋಗಿ ಹೇಳಿದರೆಂದು ನಾನು ಹುಡುಕಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದೆಂದು ನೀನು ಅದನ್ನು ಇಂಗ್ಲಿಷಿನಲ್ಲಿ ಬರೆದೆ, ಬಾಗಿಲು ಹಾಕಿಕೊಂಡು ಅತ್ತ ಹಾಗೆ. ನಾನು ಬಾಗಿಲು ತೆಗೆದೆ. ಅವತ್ತು ಸಂಜೆ ನಿಮ್ಮ ದೊಡ್ಡಪ್ಪ ತಿಮ್ಮಪ್ಪ ‘ಬರಿಯೋ ಕೈ ಯಾವ್ದ್ಲೇ’ ಎಂದು ಕೇಳಿ, ಒರಳುಕಲ್ಲಿನ ಮೇಲೆ ನಿನ್ನ ಬಲಗೈ ಇರಿಸಿ, ಅದೇ ರಾಡಿನಿಂದ ಜಜ್ಜಿದನೆಂದು ನಿಮ್ಮಮ್ಮ ಹೇಳಿದರು. ಅವರನ್ನು ಅಡುಗೆಮನೆಗೆ ದೂಡಿ ಚಿಲಕ ಹಾಕಿದ್ದರಂತೆ. ನೀನು ಕೂಗಲಿಲ್ಲವಂತೆ. ಅದನ್ನೇ ಮತ್ತೆ ಮತ್ತೆ ಹೇಳಿ ಅತ್ತರು.

ಮರುದಿನ ತಿಮ್ಮಪ್ಪ ಸ್ಟಾಫ್ ರೂಮಿಗೆ ಬಂದ. ರಾಡನ್ನು ನನ್ನ ಮೇಜಿನ ಮೇಲೆ ಮಲಗಿಸಿದ. ತೊಳೆದಿರಲಿಲ್ಲ. ‘ಏನ್ ಮೇಡಮ್ಮಾರೇ, ಇಂಗ್ಲಿಸ್ ಕಲ್ಸಿ ಅಂದ್ರೆ ಮನೆ ಮಾತ್ನ ಬೀದಿಗೆ ತರೋದ್ ಕಲುಸ್ತೀರಾ? ಆ ಪುಸ್ತಕ ಕೊಡಿ’ ಎಂದ. ಒಲೆಗೆ ಹಾಕಿದೆ ಎಂದೆ. ‘ಒಳ್ಳೇ ಕೆಲ್ಸ ಮಾಡುದ್ರಿ’ ಎಂದು ನಕ್ಕು ಹೋದ.

ಚಿಕ್ಕಯ್ಯನವರ ಎಡಗಣ್ಣು ಹೋಯಿತು. ಬೈಕ್ ಜಾರಿ ಬಿದ್ದನೆಂದು ತಿಮ್ಮಪ್ಪನ ಹೇಳಿಕೆ. ಬಸ್‌ಸ್ಟಾಪಿನಲ್ಲಿ ಇಪ್ಪತ್ತು ಜನರಿದ್ದರು. ಎಲ್ಲರೂ ಬಸ್ಸಿನ ಬೋರ್ಡು ನೋಡುತ್ತಿದ್ದರಂತೆ. ನೋಡಿದವರು ಒಬ್ಬರೂ ಇಲ್ಲದಿದ್ದರೆ ಕೇಸು ಮುಚ್ಚುತ್ತಾರೆ. ಚಿಕ್ಕಯ್ಯನವರ ಹೆಂಡತಿ ಮಾದಮ್ಮ ನಿನ್ನೆ ನಮ್ಮ ಮನೆಗೆ ಬಂದು ನಿನ್ನ ಪುಸ್ತಕ ಕೇಳಿದರು. ಇಲ್ಲವೆಂದೆ. ಅವರು ನನ್ನ ಮುಖ ನೋಡಿದರು. ‘ಓಗ್ಲಿ ಬುಡಿ ಮೇಡಮ್ಮಾರೇ. ಇದ್ರೂ ಕೊಡಬ್ಯಾಡಿ. ಆ ಮಗೀನ ಇನ್ನೊಂದು ಕೈನೂ ಮುರ್ದಾರು’ ಎಂದು ಎದ್ದು ಹೋದರು. ಕೊಟ್ಟ ಕಾಫಿ ಕುಡಿಯಲಿಲ್ಲ.

ಈಗ ನಿನ್ನ ಪುಸ್ತಕ ಯಾರಿಗೂ ಬೇಕಾಗಿಲ್ಲ. ಅದನ್ನು ನಿಸರ್ಗಳ ಚೀಲದಲ್ಲಿ ಇಟ್ಟಿದ್ದೇನೆ; ಇಟ್ಟುಕೋ ಅಥವಾ ಸುಡು. ನಿನ್ನ ಹೆಸರು ಎಲ್ಲೂ ಬರುವುದಿಲ್ಲ. ನೋಡಿದವರೊಬ್ಬರು ನಾಳೆ ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಡುತ್ತಾರೆ.

ಎಡಗೈಯಲ್ಲಿ ಅಕ್ಷರ ತಿದ್ದಲು ಶುರುಮಾಡು. ಸೊಟ್ಟಗಾದರೂ ಪರವಾಗಿಲ್ಲ.

ಕ್ಷಮೆ ಕೇಳುವ ಯೋಗ್ಯತೆ ಇನ್ನೂ ಬಾರದ,
ನಿನ್ನ ಇಂಗ್ಲಿಷ್ ಮಿಸ್
ಯಶೋಧರಾ

ವಿ.ಸೂ.: ಐದು ವಾಕ್ಯಕ್ಕೆ ಪುಸ್ತಕ ಮುಚ್ಚಿದ್ದು ನಿನ್ನ ಮೇಲಿನ ಕಾಳಜಿಯಿಂದಲ್ಲ. ಆರನೆಯದು ನಿನಗೆ ನೆನಪಿರುತ್ತದೆ: ‘ನಮ್ಮ ಇಂಗ್ಲಿಷ್ ಮಿಸ್ ಬಸ್‌ಸ್ಟಾಪಿನಲ್ಲಿ ನಿಂತಿದ್ದರು, ಅವರು ನನಗಿಂತ ಹತ್ತಿರದಿಂದ ನೋಡಿದರು.’ ಚಿಕ್ಕಯ್ಯನವರು ನನ್ನ ಕಡೆ ಕೈಚಾಚಿ ‘ಬುಡ್ಸಿ ಮೇಡಮ್ಮಾರೇ’ ಎಂದದ್ದು ನಿನ್ನ ಕಿಟಕಿಗೆ ಕೇಳಿಸಿರಲಾರದು. ಬಸ್ಸು ಬಂತು. ಹತ್ತಿ ಕೂತೆ. ನಿನ್ನ ಆ ವಾಕ್ಯದ ಅರ್ಥವನ್ನು ನಾಳೆ ಸ್ಟೇಷನ್ನಿನಲ್ಲಿ ನಾನೇ ಹೇಳುತ್ತೇನೆ, ಕನ್ನಡದಲ್ಲಿ.