ಕೊಳಲಿನ ಹಿಂದಿನ ಕೆಮ್ಮು

ಮಾರ್ಚ್ ೧೧, ಮಂಗಳವಾರ

ಇವರು ನನಗೆ ಸುಳ್ಳು ಹೇಳುತ್ತಿದ್ದಾರೆ. ಮಗು ಮಲಗಿದೆ, ನನಗೆ ನಿದ್ದೆ ಹತ್ತುತ್ತಿಲ್ಲ.

ಸಂಜೆ ತಾವು ಕಟ್ಟಿದ ಹೊಸ ಹಿಪ್ ಹಾಪ್ ಬೀಟ್ ಕೇಳಿಸಿದರು. ಡ್ರಮ್ಮಿನ ಅಡಿಯಲ್ಲಿ ಕೊಳಲಿನ ಒಂದು ತುಣುಕು ಸುತ್ತಿ ಸುತ್ತಿ ಬರುತ್ತಿತ್ತು. ಊದುತ್ತಲೇ ಗಂಟಲಲ್ಲಿ ಗುನುಗುವ ಕೊಳಲು. ಜಾಝ್ ಬ್ಯಾಂಡಿನಲ್ಲಿ ಅಪ್ಪ ನುಡಿಸುತ್ತಿದ್ದದ್ದು ಹಾಗೆಯೇ.

“ಇದು ಅಪ್ಪಂದಲ್ವಾ?” ಅಂದೆ.

“ನಿನಗೆ ಕೇಳಿದ ಕೊಳಲೆಲ್ಲಾ ಮಾವಂದೇ. ಯಾವುದೋ ಹಳೇ ರೆಕಾರ್ಡಿಂದ ತೆಗೆದದ್ದು.”

ಯಾವ ರೆಕಾರ್ಡು ಎಂದು ಕೇಳಿದರೆ ಮಗುವಿನ ಡಯಪರ್ ಬದಲಿಸಲು ಎದ್ದು ಹೋದರು. ತಾವಾಗಿ ಎಂದೂ ಎದ್ದವರಲ್ಲ. ಕಳ್ಳನಿಗೊಂದು ಪಿಳ್ಳೆ ನೆವ.

ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಕೊಳಲು ನಿಲ್ಲುವ ಕಡೆ ಒಂದು ಪುಟ್ಟ ಕೆಮ್ಮು. ತಾಳಕ್ಕೆ ಸರಿಯಾಗಿ ಬಿದ್ದಿದೆ ಎಂದೇ ಕತ್ತರಿಸದೆ ಉಳಿಸಿಕೊಂಡಿರಬೇಕು. ಆ ಕೆಮ್ಮು ನನ್ನದು. ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದಿದ್ದಾಗ ನನ್ನನ್ನು ಸಮಾಧಾನ ಮಾಡಲು ನುಡಿಸುತ್ತಾ ಅಪ್ಪ ರೆಕಾರ್ಡ್ ಮಾಡಿದ್ದ ಕ್ಯಾಸೆಟ್ ಅದು. ಬೇರೆ ಪ್ರತಿ ಇಲ್ಲ. “ಇದು ಊರಿಗೆ ಕೇಳಿಸೋಕಲ್ಲ ಮಗಳೇ, ನಿನಗೆ,” ಎಂದು ಕೊಟ್ಟಿದ್ದರು. ಬೀರು ತೆಗೆದು ನೋಡಿದೆ. ಕ್ಯಾಸೆಟ್ ಇಟ್ಟಲ್ಲೇ ಇದೆ, ಆದರೆ ಡಬ್ಬಿಯಲ್ಲಿ ತಲೆಕೆಳಗಾಗಿ. ಬಾಯಿಬಿಟ್ಟು ಕೇಳಿದ್ದರೆ ನಾನೇ ಕೊಡುತ್ತಿದ್ದೆನೋ ಏನೋ.

ಭಾನುವಾರ ಅಪ್ಪ ಮೊಮ್ಮಗಳನ್ನು ನೋಡಲು ಬರುತ್ತಾರೆ. ಅಷ್ಟರಲ್ಲಿ ಹಾಡು ಹೊರಬಂದಿರುತ್ತದೆ. ಡ್ರಮ್ಮಿನ ಗದ್ದಲದಲ್ಲಿ ತಮ್ಮ ಕೊಳಲು ಅವರಿಗೆ ಗುರುತು ಸಿಗದಿರಬಹುದು. ಆ ಕೆಮ್ಮು ಸಿಕ್ಕೇ ಸಿಗುತ್ತದೆ. ಅದನ್ನು ಕೇಳುತ್ತಾ ರಾತ್ರಿಗಳನ್ನು ಕಳೆದವರು ಅವರು, ಈಗ ನಾನು ಇವಳ ಉಸಿರು ಕೇಳುತ್ತಾ ಕೂತಿರುವ ಹಾಗೆ.

ಬೆಳಿಗ್ಗೆ ಇವರನ್ನು ಎದುರಿಗೆ ಕೂರಿಸಿಕೊಂಡು ಒಂದೇ ಮಾತು ಹೇಳುತ್ತೇನೆ: ಹಾಡು ಹೊರಬರುವ ಮೊದಲು ಆ ತುಣುಕು ತೆಗೆಯಿರಿ, ಇಲ್ಲವೇ ಅಪ್ಪನಿಗೆ... ಮಗು ಎದ್ದಿತು.